ಗೇಟಿನ ಹಿಂದಿನ ಆಳ
ಈ ವಾರ ಅಫಜಲಪುರದ ಮೋಟಾರು ರಿವೈಂಡಿಂಗ್ ಅಂಗಡಿಯೊಂದರಲ್ಲಿ ಹುಡುಗನೊಬ್ಬ ಗುಜರಿಯ ಮೈಕ್ರೋವೇವ್ ಓವನ್ನಿನಿಂದ ಬಿಚ್ಚಿದ ಟ್ರಾನ್ಸ್‌ಫಾರ್ಮರಿಗೆ ಸೀರೀಸಿನಲ್ಲಿ ಹಳೆ ಚೋಕ್ ಜೋಡಿಸಿ, ‘ಈಗ ಕರೆಂಟ್ ಕಮ್ಮಿ ಆಗ್ಯಾದ, ಅಂಜಬ್ಯಾಡ್ರಿ ಕಾಕಾ’ ಅಂದ. ಅವನ ಕೈಚಳಕ ಮೆಚ್ಚಿದೆ, ಮಾತಿಗೆ ಬೆಚ್ಚಿದೆ. ಚೋಕ್ ನಮ್ಮ ಸೊನ್ನ ಬ್ಯಾರೇಜಿನ ಗೇಟಿನಂತೆ. ಗೇಟು ಭೀಮಾ ನದಿಯ ಹರಿವು ತಗ್ಗಿಸುತ್ತದೆ, ಆದರೆ ಅದರ ಹಿಂದೆ ನಿಂತ ನೀರಿನ ಆಳ ಹಾಗೆಯೇ ಇರುತ್ತದೆ; ಇಲ್ಲಿ ಆ ಆಳವೇ ವೋಲ್ಟೇಜ್. ಚೋಕ್ ಕಾಯುವುದು ತಂತಿ ಸುಡದಂತೆ, ಮನುಷ್ಯ ಸಾಯದಂತೆ ಅಲ್ಲ. ಆ ಟ್ರಾನ್ಸ್‌ಫಾರ್ಮರಿನ ಸುಮಾರು 2000 ವೋಲ್ಟಿನ ಸುರುಳಿಯಲ್ಲಿ ಕರೆಂಟನ್ನು ಅರ್ಧ ಆಂಪಿಯರಿಗೆ ಇಳಿಸಿದರೂ ಉಳಿಯುವುದು 500 ಮಿಲಿಆಂಪಿಯರ್. ಎದೆಬಡಿತ ನಿಲ್ಲಲು 100 ಸಾಕು. ಆಳಂದ, ಜೇವರ್ಗಿಯ ಶಾಲೆಗಳು ಇಂಥ ಕುತೂಹಲದ ಕೈಗಳಿಗೆ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಡಲಿ. ಪಾಠ ಅದೇ; ನಾಳೆ ಹೊಸದೊಂದು ಕಲಿಯಲು ಹುಡುಗ ಉಳಿದಿರಬೇಕು.