ಟಿಣ್ ಟಿಣ್ ನಿಲ್ಲಿಸೋರು, ಮಂಪರು ಕೇಳೋರು

ಮಿದುಳಿನ ಬಗ್ಗೆ ನಮ್ಮ ಜನಕ್ಕೆ ಎರಡು ಗಟ್ಟಿ ಅಭಿಪ್ರಾಯ ಇವೆ. ನನ್ನ ಮಿದುಳಿಗೆ ಏನೂ ಆಗಲ್ಲ ಅನ್ನೋದು ಒಂದು. ಬೇರೆಯವರ ಮಿದುಳಲ್ಲಿ ಏನಿದೆ ಅಂತ ಮಷಿನ್ ಹಾಕಿ ನೋಡಬೇಕು ಅನ್ನೋದು ಇನ್ನೊಂದು. ಎರಡೂ ತಪ್ಪು.

ಮೊದಲನೆಯದನ್ನೇ ನೋಡಿ. ಹದಿನೈದು ಲಕ್ಷದ ಕಾರು ತಗೊಳ್ಳೋಕೆ ಮುಂಚೆ ಆರು ಏರ್‌ಬ್ಯಾಗ್ ಇದೆಯಾ, ಕ್ರ್ಯಾಶ್ ಟೆಸ್ಟಲ್ಲಿ ಎಷ್ಟು ಸ್ಟಾರು ಅಂತ ಯೂಟ್ಯೂಬ್ ನೋಡಿ ಕಣ್ಣು ಕೆಂಪು ಮಾಡ್ಕೊತೀವಿ. ಆಮೇಲೆ ಚಿಲ್ಲರೆ ದುಡ್ಡಿಗೆ ಒಂದು ಕ್ಲಿಪ್ ತರಿಸಿ, ಬೆಲ್ಟ್ ಸಿಕ್ಕಿಸೋ ಜಾಗಕ್ಕೆ ಅದನ್ನು ತುರುಕಿ, ಟಿಣ್ ಟಿಣ್ ಅನ್ನೋ ಅಲಾರಂ ಬಾಯಿ ಮುಚ್ಚಿಸ್ತೀವಿ. ಇದು ಒಬ್ಬಿಬ್ಬರ ಚಾಳಿ ಅಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಅಂಗಡಿಗಳಿಗೆ ಈ ಕ್ಲಿಪ್ ಮಾರಬೇಡಿ ಅಂತ ಆದೇಶ ಮಾಡಿತು. ಆಗ ಪಟ್ಟಿಯಿಂದ ಕಿತ್ತು ಹಾಕಿದ್ದು 13,118 ಜಾಹೀರಾತು! 2021ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,000ಕ್ಕೂ ಹೆಚ್ಚು ಅಂತ ಸರ್ಕಾರದ್ದೇ ಲೆಕ್ಕ. ಅದರಲ್ಲಿ ಹತ್ತಿರತ್ತಿರ ಅರ್ಧ ಜನ ಸ್ಟೇರಿಂಗ್ ಹಿಡಿದವರಲ್ಲ, ಸುಮ್ಮನೆ ಕೂತಿದ್ದವರು.

ಹಬ್ಬಕ್ಕೆ ಬೆಂಗಳೂರು ಬಿಡೋ ಕಾರುಗಳಲ್ಲಿ ಪೊಲೀಸರು, ಕ್ಯಾಮೆರಾ ಇರೋವರೆಗೆ ಬೆಲ್ಟು. ಶಿವಮೊಗ್ಗ ದಾಟಿ ಶಿಕಾರಿಪುರದ ದಾರಿ ಹಿಡಿದರೆ "ಇನ್ನೇನು ಊರು ಬಂತಲ್ಲ ಮಾರಾಯ" ಅಂತ ಬಿಚ್ಚೋದು. ದೀಪ ಇಲ್ಲದ ಟ್ರೇಲರ್, ಮೆಕ್ಕೆಜೋಳದ ಟ್ರ್ಯಾಕ್ಟರ್, ದಿಢೀರ್ ಅಂತ ಅಡ್ಡ ಬರೋ ಎಮ್ಮೆ ಸಿಗೋದು ಅಲ್ಲೇ. ಹಿಂದಿನ ಸೀಟಿನ ಅಜ್ಜಿ, ಮಕ್ಕಳ ಮಾತಂತೂ ಕೇಳಲೇಬೇಡಿ. 2022ರ ಸೆಪ್ಟೆಂಬರಲ್ಲಿ ಸೈರಸ್ ಮಿಸ್ತ್ರಿ ಸತ್ತಿದ್ದು ಕೂಡ ಹಿಂದಿನ ಸೀಟಲ್ಲಿ, ಬೆಲ್ಟ್ ಇಲ್ಲದೆ. ಕಾರು ಎಷ್ಟು ದುಬಾರಿಯಾದ್ರೆ ಏನು ಬಂತು? ಗಂಟೆಗೆ 60 ಕಿ.ಮೀ. ವೇಗದಲ್ಲಿ ಗುದ್ದೋದು ಅಂದ್ರೆ ಸುಮಾರು 14 ಮೀಟರ್ ಎತ್ತರದಿಂದ ಬಿದ್ದಂತೆ. ಗಾಡಿ ನಿಲ್ಲುತ್ತೆ, ಮೈ ನಿಲ್ಲಲ್ಲ. ತಲೆ ನಿಂತರೂ ಒಳಗಿನ ಮಿದುಳು ಮುಂದೆ ಹೋಗಿ ಬುರುಡೆಗೆ ಬಡಿಯುತ್ತೆ.

ಈಗ ಎರಡನೆಯದು. ಟೀವಿಯಲ್ಲಿ ಒಂದು ಕೊಲೆ ಕೇಸು ಬಂದರೆ ಸಾಕು, ಆಫೀಸ್ ಕ್ಯಾಂಟೀನಲ್ಲಿ ತೀರ್ಪು ರೆಡಿ: "ಮಂಪರು ಪರೀಕ್ಷೆ ಮಾಡ್ಸಿ, ಬ್ರೈನ್ ಮ್ಯಾಪಿಂಗ್ ಮಾಡ್ಸಿ, ಸತ್ಯ ತಾನಾಗೇ ಆಚೆ ಬರುತ್ತೆ." ಈ ನಂಬಿಕೆಗೆ ನಮ್ಮ ಬೆಂಗಳೂರೇ ಒಂದು ಕಾಲದ ರಾಜಧಾನಿ. ಛಾಪಾ ಕಾಗದ ಹಗರಣದ ತೆಲಗಿಗೆ ಇಲ್ಲೇ ಮಂಪರು ಕೊಟ್ಟರು. ಅವನು ತೊದಲಿದ್ದನ್ನು ಚಾನೆಲ್‌ಗಳು ಧಾರಾವಾಹಿ ಥರ ತೋರಿಸಿದವು. ಬ್ರೈನ್ ಮ್ಯಾಪಿಂಗ್‌ದು ಇನ್ನೊಂದು ಕಥೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಘಟನೆಯ ಮಾತುಗಳನ್ನು ಕೇಳಿಸಿ, ಅಲೆಗಳು ಎದ್ದರೆ "ಇವನಿಗೆ ಗೊತ್ತು" ಅನ್ನೋದು. ಸರಿ, ಗೊತ್ತು ಅಂತಲೇ ಇಟ್ಟುಕೊಳ್ಳಿ. ಮಾಡಿದ್ದಕ್ಕೆ ಗೊತ್ತೋ, ನೋಡಿದ್ದಕ್ಕೋ, ಹತ್ತು ದಿನ ಪೊಲೀಸರು ಅದನ್ನೇ ಕೇಳಿದ್ದಕ್ಕೋ? 2008ರಲ್ಲಿ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯೇ ಇದಕ್ಕೆ ವೈಜ್ಞಾನಿಕ ಬುನಾದಿ ಇಲ್ಲ ಅಂತ ಹೇಳಿತ್ತು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ತೋರಿಸುತ್ತೆ. ಸುಳ್ಳು ಹೆಪ್ಪುಗಟ್ಟಿದ್ದನ್ನು ತೋರಿಸೋ ಸ್ಕ್ಯಾನ್ ಇನ್ನೂ ಹುಟ್ಟಿಲ್ಲ.

2010ರ ಮೇ 5ರಂದು ಸುಪ್ರೀಂ ಕೋರ್ಟು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ಪ್ರಕರಣದಲ್ಲಿ ಇದಕ್ಕೆ ಬೇಲಿ ಹಾಕಿತು: ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಮಾಡೋ ಹಾಗಿಲ್ಲ. ನಮ್ಮ ರಾಜ್ಯದ ಹೆಸರಿರೋ ಈ ತೀರ್ಪು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

"ತಪ್ಪು ಮಾಡಿಲ್ಲ ಅಂದ್ರೆ ಭಯ ಯಾಕೆ?" ಅಂತೀರಿ. ಹಾಗಾದ್ರೆ ನಿಮ್ಮ ಫೋನ್ ಅನ್‌ಲಾಕ್ ಮಾಡಿ ಪಕ್ಕದ ಸೀಟಿನವನಿಗೆ ಕೊಡಿ ನೋಡೋಣ.

ಇನ್ನು ಜಾಣರ ಪ್ರಶ್ನೆ: ಬೆಲ್ಟ್ ಕೂಡ ಸರ್ಕಾರದ ಬಲವಂತ ತಾನೆ, ಅದು ಸರಿ, ಇದು ತಪ್ಪು ಹೇಗೆ? ಬೆಲ್ಟಿಗೆ ನೀವು ಯಾರು, ಏನು ಯೋಚಿಸ್ತಿದೀರಿ ಅನ್ನೋದು ಬೇಡ. ಅದು ನಿಮ್ಮನ್ನು ಅರಿಯದೆ ಕಾಯುತ್ತೆ. ಬೆಲ್ಟ್ ಹಾಕದ ಹಿಂದಿನವನು ಹಾರಿ ಬಂದು ಮುಂದೆ ಕೂತವರ ಮೇಲೆ ಬೀಳ್ತಾನೆ, ಅದಕ್ಕೇ ಅದು ಬರೀ ಅವನ ಸ್ವಂತ ವಿಷಯ ಅಲ್ಲ. ಮಿದುಳು ಓದ್ತೀನಿ ಅನ್ನೋ ಮಷಿನ್ ನಿಮ್ಮನ್ನು ಕಾಯಲ್ಲ, ಬರೀ ಅರಿಯೋಕೆ ಬರುತ್ತೆ. ಯಾವುದೇ ಹೊಸ ಗ್ಯಾಜೆಟ್ ಬಂದರೂ ಈ ಒಂದು ಪ್ರಶ್ನೆ ಕೇಳಿ: ಇದು ನನ್ನನ್ನು ಕಾಯುತ್ತಾ, ಅರಿಯುತ್ತಾ?

ಈ ಪ್ರಶ್ನೆ ಇನ್ನು ಪೊಲೀಸ್ ಠಾಣೆಗಷ್ಟೇ ಅಲ್ಲ, ನಿಮ್ಮ ಬೆಡ್‌ರೂಮಿಗೂ ಬಂದಿದೆ. ನಿದ್ದೆ, ಏಕಾಗ್ರತೆ ಅಳೀತೀವಿ ಅನ್ನೋ ಹೆಡ್‌ಬ್ಯಾಂಡುಗಳು ಮಿದುಳಿನ ಅಲೆಗಳನ್ನೇ ದಾಖಲಿಸ್ತವೆ. ಚಿಲಿ ದೇಶ 2021ರಲ್ಲಿ ಮಿದುಳಿನ ಚಟುವಟಿಕೆಯ ಮಾಹಿತಿಗೆ ಸಂವಿಧಾನದಲ್ಲೇ ರಕ್ಷಣೆ ಕೊಟ್ಟಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಂಥ ಹೆಡ್‌ಸೆಟ್ ಮಾರೋ ಕಂಪನಿಗೆ ಒಬ್ಬ ಬಳಕೆದಾರನ ಮಿದುಳಿನ ದತ್ತಾಂಶ ಅಳಿಸು ಅಂತ ಹೇಳಿತು. ಅದೇ 2023ರ ನಮ್ಮ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ಷ್ಮ ಮಾಹಿತಿ ಅನ್ನೋ ಬೇರೆ ವರ್ಗವೇ ಇಲ್ಲ. ನಿಮ್ಮ ಮಿದುಳಿನ ಅಲೆಯೂ ಒಂದೇ, ಪಿಜ್ಜಾ ಆರ್ಡರ್ ವಿಳಾಸವೂ ಒಂದೇ. ನಾವೋ, ಓದದೆ "ಐ ಅಗ್ರೀ" ಒತ್ತೋ ಜನ.

ಶಿಕಾರಿಪುರದ ದಾರಿ ಅಂದೆನಲ್ಲ, ಆ ತಾಲೂಕಲ್ಲೇ ಈಸೂರು ಇರೋದು. 1942ರಲ್ಲಿ ಕಂದಾಯ ಕೊಡಲ್ಲ ಅಂತ ನಿಂತು, ವೀರಭದ್ರೇಶ್ವರ ಗುಡಿ ಮೇಲೆ ಬಾವುಟ ಹಾರಿಸಿ, ತಮ್ಮದೇ ಸರ್ಕಾರ ಅಂತ ಸಾರಿದ ಹಳ್ಳಿ. 1943ರ ಮಾರ್ಚಲ್ಲಿ ಅಲ್ಲಿನ ಐವರು ಗಲ್ಲಿಗೇರಿದರು. ಏಸೂರು ಕೊಟ್ಟರೂ ಈಸೂರು ಕೊಡೆವು ಅನ್ನೋ ಅವರ ಘೋಷಣೆ ನಾವು ಆಗಸ್ಟ್ ಹದಿನೈದಕ್ಕೆ ಸ್ಟೇಟಸ್ ಹಾಕ್ಕೊತೀವಿ. ಹಾಕಿ, ಬೇಡ ಅನ್ನಲ್ಲ. ಆದರೆ ಫೋನು, ವಾಚು, ಕಾರು ಎಲ್ಲದರ ಮಾಹಿತಿ ಕೊಟ್ಟಾದ ಮೇಲೆ ನಮ್ಮ ಹತ್ತಿರ ಉಳಿದಿರೋ ಕೊನೇ ಊರು ಎರಡು ಕಿವಿಗಳ ನಡುವೆ ಇದೆ. ಹೊರಗಿಂದ ಅದಕ್ಕೆ ಬೆಲ್ಟಿನ ಕಾವಲಿರಲಿ. ಒಳಗೆ ಬರೋಕೆ ಪೊಲೀಸರೇ ಬರಲಿ, ಕಂಪನಿಯೇ ಬರಲಿ, ನನ್ನ ಒಪ್ಪಿಗೆ ಕೇಳಲಿ.

ಇವತ್ತೇ ಆ ಕ್ಲಿಪ್ ಕಿತ್ತು ಕಸಕ್ಕೆ ಹಾಕಿ.