ದೂರದ ಅಭಯಾರಣ್ಯ, ಹತ್ತಿರದ ಸಂತೆ

ಶಿಕ್ಷಣ ಮುಗಿಸಿ ಉದ್ಯೋಗ ಹಿಡಿದ ಯುವಜನರಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಹಂಬಲ ಕಾಣಿಸಿಕೊಂಡಿದೆ. ವಿದೇಶದ ವನ್ಯಜೀವಿ ಧಾಮವೊಂದಕ್ಕೆ ಹೋಗಿ, ಎರಡು ಮೂರು ವಾರ ಪ್ರಾಣಿಗಳ ಸೇವೆ ಮಾಡಿ, ಬಿಡುವಿನಲ್ಲಿ ಅಲ್ಲಿನ ಪೇಟೆ ಸುತ್ತಿ, ನೆನಪಿನ ಕಾಣಿಕೆಗಳನ್ನು ಕೊಂಡು ಮರಳಬೇಕೆಂಬುದೇ ಆ ಹಂಬಲ. ಎಷ್ಟೋ ಕಡೆ ಈ ಸೇವೆಗೆ ಸೇವಕರೇ ಹಣ ತೆರಬೇಕು. ಮೂಕಪ್ರಾಣಿಗಳ ಮೇಲಿನ ಮಮತೆ ದೊಡ್ಡ ಗುಣ. ಅದನ್ನು ಹಳಿಯುವುದು ಸಲ್ಲದು. ಆದರೆ ಮಮತೆಯೊಡನೆ ವಿವೇಕವೂ ಕೂಡಿರಬೇಕು.

ದಕ್ಷಿಣ ಆಫ್ರಿಕಾದಲ್ಲಿ ನಡೆದುದನ್ನು ನೋಡಿ. ಅಲ್ಲಿನ ಕೆಲವು ಸಾಕಣೆ ಕೇಂದ್ರಗಳು ಸಿಂಹದ ಮರಿಗಳನ್ನು ತಾಯಿಯಿಂದ ಅಗಲಿಸಿ, ತಬ್ಬಲಿ ಮರಿಗಳೆಂದು ಹೇಳಿ, ಹಣ ಕೊಟ್ಟು ಬಂದ ಸ್ವಯಂಸೇವಕರ ಕೈಗೆ ಹಾಲಿನ ಬಾಟಲಿಯೊಡನೆ ಒಪ್ಪಿಸಿದವು. ಮನುಷ್ಯರ ಮಡಿಲಲ್ಲಿ ಬೆಳೆದ ಸಿಂಹ ಮರಳಿ ಕಾಡು ಸೇರಲಾರದು. ಹೀಗೆ ಬೆಳೆದವುಗಳಲ್ಲಿ ಅನೇಕವು ಬೇಲಿಯೊಳಗಿನ ಮೋಜಿನ ಬೇಟೆಗೆ ಬಲಿಯಾದವು. ಅವುಗಳ ಮೂಳೆಗಳೂ ಮಾರಾಟವಾದವು. ಆ ದೇಶದ ಸರ್ಕಾರ ನೇಮಿಸಿದ ಸಮಿತಿಯೇ 2021ರಲ್ಲಿ ಈ ಸಾಕಣೆಯನ್ನು ಕೊನೆಗಾಣಿಸಬೇಕೆಂದು ಶಿಫಾರಸು ಮಾಡಿತು. ಮರಿಗೆ ಹಾಲುಣಿಸಿದವರ ಮನಸ್ಸು ನಿರ್ಮಲವಾಗಿಯೇ ಇತ್ತು. ಆದರೆ ಅವರು ತೆತ್ತ ಹಣ ಆ ಕ್ರೂರ ವ್ಯಾಪಾರವನ್ನೇ ಪೋಷಿಸಿತು.

ಪೇಟೆಯ ವಿಚಾರವೂ ಇಂತಹುದೇ. ಹಗಲಿನಲ್ಲಿ ಆನೆಮರಿಗೆ ಮೇವುಣಿಸಿ, ಸಂಜೆ ದಂತದ ಬಳೆ ಕೊಂಡರೆ ಸೇವೆಗೆ ಅರ್ಥವೇನು? ಆಮೆಯ ಚಿಪ್ಪು, ಹವಳ, ಕಾಡುಪ್ರಾಣಿಯ ಚರ್ಮ ಇವೆಲ್ಲ ನೋಡಲು ಚೆಲುವಾದರೂ ಜೀವಹತ್ಯೆಯ ಗುರುತುಗಳು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದ 1975ರಿಂದ ಜಾರಿಯಲ್ಲಿದೆ; ಭಾರತ 1976ರಲ್ಲಿ ಅದನ್ನು ಸೇರಿತು. ಇದಕ್ಕೆ ಬದಲಾಗಿ, ಕಾಡಂಚಿನ ಹಳ್ಳಿಯವರು ಬೆಳೆದ ಹಣ್ಣನ್ನೋ ನೇಯ್ದ ಬಟ್ಟೆಯನ್ನೋ ಕೊಂಡರೆ ಕಾಡಿನೊಡನೆ ಬಾಳುವವರ ಒಲೆ ಉರಿಯುತ್ತದೆ. ಕೊಳ್ಳುವ ವ್ಯವಹಾರಕ್ಕೂ ಧರ್ಮಾಧರ್ಮದ ವಿವೇಚನೆ ಉಂಟೆಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2009ರ ತಮ್ಮ ವಿಶ್ವಪರಿಪತ್ರದಲ್ಲಿ ನೆನಪಿಸಿದ್ದರು.

ಪ್ರಾಣಿಯ ಉಳಿವು ಮನುಷ್ಯರ ಅನ್ನದೊಡನೆ ಹೆಣೆದುಕೊಂಡಿದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರವು ಬೀದಿಯಲ್ಲಿ ಕುಣಿಯುತ್ತಿದ್ದ ಕರಡಿಗಳಿಗೆ ಆಸರೆಯಾಯಿತು. ಆದರೆ ಕರಡಿಯ ಮೂಗುದಾರವನ್ನು ಬಿಚ್ಚಿದ್ದರಿಂದಲೇ ಕೆಲಸ ಮುಗಿಯಲಿಲ್ಲ. ತಲೆತಲಾಂತರದಿಂದ ಕರಡಿ ಕುಣಿಸಿಯೇ ಬದುಕಿದ ಕಲಂದರ್ ಕುಟುಂಬಗಳಿಗೆ ಬೇರೆ ಜೀವನೋಪಾಯವನ್ನೂ ಅವರ ಮಕ್ಕಳಿಗೆ ಶಾಲೆಯನ್ನೂ ಒದಗಿಸಬೇಕಾಯಿತು. ಹಾಗೆ ಮಾಡಿದ್ದರಿಂದಲೇ ಆ ಹಳೆಯ ಪದ್ಧತಿ ನಿಂತಿತು.

ಇನ್ನು ನಮ್ಮ ಗದಗ ಜಿಲ್ಲೆಯತ್ತ ಕಣ್ಣು ಹೊರಳಿಸೋಣ. ಮಂಗೋಲಿಯಾ ಟಿಬೆಟ್‌ಗಳ ಕಡೆಯಿಂದ ಹಿಮಾಲಯವನ್ನೇ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಪ್ರತಿ ಚಳಿಗಾಲ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬಂದಿಳಿಯುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಕಪ್ಪತಗುಡ್ಡದ ಕಥೆ ಇನ್ನೂ ಬೋಧಪ್ರದ. 2015ರಲ್ಲಿ ಅದಕ್ಕೆ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನ ದೊರೆಯಿತು. 2016ರಲ್ಲಿ ಅದನ್ನು ಹಿಂಪಡೆಯಲಾಯಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಆ ಸ್ಥಾನ ಮರಳಿ ಬಂತು; 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಅಲ್ಲಿನ ಕತ್ತೆಕಿರುಬ, ತೋಳ, ಔಷಧ ಸಸ್ಯಗಳನ್ನು ಉಳಿಸಿಕೊಟ್ಟವರು ದೂರದೇಶದ ಅತಿಥಿಗಳಲ್ಲ, ಇದೇ ನೆಲದ ಜನ.

ಮಾಗಡಿಯ ಹೆಬ್ಬಾತುಗಳು ಸುತ್ತಲಿನ ಹೊಲಗಳಿಗಿಳಿದು ಮೇಯುತ್ತವೆ. ಹಕ್ಕಿಯನ್ನು ನೋಡಿ ಹಿಗ್ಗುವವರು ನಾವು; ಕಾಳು ತೆರುವವನು ರೈತ. ಅವನ ಶೇಂಗಾ, ಕಡಲೆ, ಹೆಸರಿಗೆ ನ್ಯಾಯವಾದ ಬೆಲೆ ಕೊಡುವುದೂ ಪಕ್ಷಿಸೇವೆಯ ಒಂದು ಭಾಗವಲ್ಲವೇ? ಹೊಳೆಆಲೂರಿನಿಂದ ರೋಣದವರೆಗೆ ಮಲಪ್ರಭೆಯ ಸೀಮೆಯ ರೈತರು ನೆರೆಗೂ ಬರಕ್ಕೂ ಸಿಲುಕಿ ನೊಂದವರು. ಸಂತೆಯಲ್ಲಿ ಗೋಣಿತಟ್ಟಿನ ಮೇಲೆ ಉಳ್ಳಾಗಡ್ಡಿ ಹರಡಿ ಕುಳಿತ ತಾಯಿಯೊಡನೆ ಎರಡು ರೂಪಾಯಿಗೆ ಜಗ್ಗಾಡುವ ನಾವು, ನಗರದ ಹವಾನಿಯಂತ್ರಿತ ಅಂಗಡಿಯಲ್ಲಿ ಚಕಾರವೆತ್ತದೆ ಹಣ ತೆರುತ್ತೇವೆ. ಪರದೇಶದಲ್ಲಿ ಕೈಮಗ್ಗದ ಬಟ್ಟೆಯನ್ನು ಮೆಚ್ಚಿ ಕೊಳ್ಳುವವರು ಗಜೇಂದ್ರಗಡದ ನೇಕಾರರ ಪಟ್ಟೇದ ಅಂಚಿನ ಸೀರೆಯನ್ನು ಕೇಳಿಯೂ ಅರಿಯರು. ಇದು ಯೋಚಿಸಬೇಕಾದ ಮಾತು.

ಹಾಗೆಂದು ವಿದೇಶಕ್ಕೆ ಹೋಗಬಾರದೆಂದಲ್ಲ. ಹೋಗುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಅಲ್ಲಿನ ಪ್ರಾಣಿ ಎಲ್ಲಿಂದ ಬಂತು, ಮುಂದೆ ಎಲ್ಲಿಗೆ ಹೋಗುತ್ತದೆ? ನಾನು ಮಾಡುವ ಕೆಲಸ ಸ್ಥಳೀಯರೊಬ್ಬರ ಕೂಲಿಯನ್ನು ಕಸಿಯುತ್ತದೆಯೇ? ನಾನು ಕೊಡುವ ಹಣ ಯಾರ ಕೈ ಸೇರುತ್ತದೆ? ಮರಿಯನ್ನು ಅಪ್ಪಿಕೊಂಡು ಚಿತ್ರ ತೆಗೆಸಿಕೊಳ್ಳಲು ಕರೆಯುವ ಧಾಮಕ್ಕಿಂತ, ದೂರದಲ್ಲಿ ನಿಲ್ಲಿಸಿ ಮೇವು ಹೆಚ್ಚಲು, ಕೊಟ್ಟಿಗೆ ಗುಡಿಸಲು ಹಚ್ಚುವ ಧಾಮವೇ ಹೆಚ್ಚು ನಂಬಿಕೆಗೆ ಅರ್ಹ. ನಿಜವಾದ ಸೇವೆಗೆ ಪ್ರದರ್ಶನದ ಹಂಗಿಲ್ಲ.

ಆದುದರಿಂದ ತಂದೆತಾಯಿಗಳೂ ಯುವಕ ಸಂಘಗಳೂ ಈ ಚಳಿಗಾಲದಲ್ಲಿ ಒಮ್ಮೆ ಮಕ್ಕಳನ್ನು ಮಾಗಡಿ ಕೆರೆಯ ದಂಡೆಗೆ ಕರೆದೊಯ್ಯಲಿ. ಗದ್ದಲ ಮಾಡದೆ, ಪ್ಲಾಸ್ಟಿಕ್ ಎಸೆಯದೆ ಹಕ್ಕಿಗಳನ್ನು ನೋಡಲು ಕಲಿಸಲಿ. ಮರಳುವಾಗ ಕೈಚೀಲ ಹಿಡಿದು ಹತ್ತಿರದ ಸಂತೆಯಲ್ಲಿ ಚೌಕಾಸಿಯಿಲ್ಲದೆ ಕಾಯಿಪಲ್ಲೆ ಕೊಳ್ಳಲಿ. ಈ ಶಿಸ್ತನ್ನು ಮನೆಯಲ್ಲಿ ಕಲಿತ ಮಗು ನಾಳೆ ಯಾವ ದೇಶದ ಕಾಡಿಗೆ ಹೋದರೂ ಅಲ್ಲಿನ ಜೀವಕ್ಕೂ ಜನಕ್ಕೂ ಹೊರೆಯಾಗದು.