ಸಹಿಗೂ ಒಂದು ಎಲ್ಲೆಯಿದೆ

“ದೇಶಕ್ಕೆ ಒಂದು ಗಟ್ಟಿ ಕೈ ಸಾಕು, ನಡುವೆ ಸಂಸತ್ತು, ನ್ಯಾಯಾಲಯಗಳ ಅಡ್ಡಿಯೇಕೆ?” ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ, ನಿಪ್ಪಾಣಿಯ ಸಂತೆಯಲ್ಲಿ, ರಾಯಬಾಗದ ಚಹಾದಂಗಡಿಯಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಆಡುವವರು ಕೆಟ್ಟವರಲ್ಲ, ಕಚೇರಿಗಳಿಗೆ ಅಲೆದು ಬೇಸತ್ತವರು. ಆದರೆ ಕಡಿವಾಣವಿಲ್ಲದ ಅಧಿಕಾರ ಮೊದಲು ತುಳಿಯುವುದು ಇಂಥವರನ್ನೇ ಎಂಬುದನ್ನು ನಾವು ಮರೆಯುತ್ತಿದ್ದೇವೆ.

ನಮ್ಮ ನೆರೆಯ ಜಮಖಂಡಿ ತಾಲ್ಲೂಕಿನ ಸಾವಳಗಿಯವರಾದ ಬಿ.ಡಿ. ಜತ್ತಿಯವರು 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಕೇಂದ್ರ ಸಂಪುಟ ಅವರ ಸಹಿ ಕೇಳಿತು. ಅವರು ಒಡನೆ ಸಹಿ ಹಾಕಲಿಲ್ಲ. ಆದರೆ ಏಪ್ರಿಲ್ 30ರಂದು ಹಾಕಲೇಬೇಕಾಯಿತು. ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದೆಂದು 1976ರ 42ನೆಯ ತಿದ್ದುಪಡಿ ವಿಧಿಸಿತ್ತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಹಕ್ಕು ದೊರೆತದ್ದು 1978ರ 44ನೆಯ ತಿದ್ದುಪಡಿಯಿಂದ. ಹಾಗಾದರೆ ರಾಷ್ಟ್ರಪತಿ ಕೇವಲ ಮುದ್ರೆಯೊತ್ತುವವರೇ? ಅಲ್ಲ. ಆ ಸಹಿ ವ್ಯಕ್ತಿಯದಲ್ಲ, ಜನರಿಗೆ ಉತ್ತರಿಸಬೇಕಾದ ಸರ್ಕಾರದ್ದು. ಆದರೆ ಆ ಸರ್ಕಾರವೇ ತಪ್ಪಿದರೆ ತಡೆಯುವವರು ಯಾರು?

ಉತ್ತರ ದೊರೆತದ್ದು ಕರ್ನಾಟಕದ ಮೊಕದ್ದಮೆಯಿಂದಲೇ. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ಕೇಳಿದರು. ಅದು ಸಿಗಲಿಲ್ಲ. ರಾಜ್ಯಪಾಲರ ವರದಿಯ ಮೇಲೆ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು: 356ನೆಯ ವಿಧಿಯ ಘೋಷಣೆಯೂ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟದ್ದು, ಬಹುಮತ ನಿರ್ಣಯವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ, ಸಂಸತ್ತಿನ ಎರಡೂ ಸದನಗಳು ಒಪ್ಪುವ ಮುನ್ನ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಬೊಮ್ಮಾಯಿ ಸರ್ಕಾರದ ವಜಾ ಸಂವಿಧಾನಬಾಹಿರವೆನಿಸಿತು. ಅಷ್ಟರಲ್ಲಿ ಚುನಾವಣೆ ಮುಗಿದು ವರ್ಷಗಳೇ ಕಳೆದಿದ್ದವು. ಹೋದ ಸರ್ಕಾರ ಮರಳಲಿಲ್ಲ. ಆದರೂ ಮುಂದಿನವರಿಗೆ ಒಂದು ಬೇಲಿ ದೊರೆಯಿತು.

ಇದು ದೆಹಲಿ, ಬೆಂಗಳೂರಿನವರ ಜಗಳ ಎನ್ನುವವರು 2019ನ್ನು ನೆನೆಯಲಿ. ಆ ಜುಲೈನಲ್ಲಿ ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ಅಥಣಿ, ಕಾಗವಾಡಗಳ ಶಾಸಕರೂ ಅವರಲ್ಲಿದ್ದರು. ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಹರಿದಳು. ನದಿತೀರದ ಜನ ದನಕರುಗಳೊಡನೆ ಗಂಜಿ ಕೇಂದ್ರ ಸೇರಿದಾಗ ಈ ಎರಡು ಕ್ಷೇತ್ರಗಳ ಪರವಾಗಿ ಸದನದಲ್ಲಿ ಕೇಳುವವರಿರಲಿಲ್ಲ. ಹೊಸ ಸರ್ಕಾರದಲ್ಲಿ ಆಗಸ್ಟ್ 20ರವರೆಗೆ ಮುಖ್ಯಮಂತ್ರಿಯ ಹೊರತು ಒಬ್ಬ ಮಂತ್ರಿಯೂ ಇರಲಿಲ್ಲ. “ಒಂದೇ ಗಟ್ಟಿ ಕೈ” ಬೇಕೆನ್ನುವವರೇ, ಒಂದೇ ಕೈಯ ಸರ್ಕಾರವನ್ನು ಮೊಳಕಾಲುದ್ದ ನೀರಿನಲ್ಲಿ ನಿಂತು ಕಂಡಿದ್ದೇವಲ್ಲವೇ?

ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸದಂತೆ ತಡೆಯುವ ಅಧಿಕಾರ ಸಭಾಧ್ಯಕ್ಷರಿಗಿಲ್ಲವೆಂದಿತು. ಡಿಸೆಂಬರ್ 5ರಂದು ಕೊನೆಯ ಮಾತನ್ನು ಮತದಾರರೇ ಆಡಿದರು. ಅದನ್ನು ಒಪ್ಪುವುದೂ ಬಿಡುವುದೂ ಬೇರೆ ಮಾತು. ಆಡುವ ಹಕ್ಕು ಅವರದೇ ಆಗಿತ್ತು.

ರಾಷ್ಟ್ರಪತಿಗೆ ಸಂಪುಟ, ಸಂಪುಟಕ್ಕೆ ಸಂಸತ್ತು, ಎಲ್ಲರಿಗೂ ಸಂವಿಧಾನ ಹಾಕಿದ ಎಲ್ಲೆಗಳು ಆಡಳಿತಕ್ಕೆ ಅಡ್ಡಿಯಲ್ಲ, ಬಡವನ ಮತಕ್ಕೆ ಕಾವಲು. ಮುಂದಿನ ಸಲ ಮತ ಕೇಳಲು ಬಂದವರಿಗೆ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳೋಣ: “ನಿಮಗೆ ಬೇಡವಾದ ತೀರ್ಪು ಬಂದರೂ ತಲೆಬಾಗುವಿರಾ?” ಇಲ್ಲವೆನ್ನುವವನು ನಮ್ಮ ಮತಕ್ಕೂ ತಲೆಬಾಗಲಾರ.